ಕೊರಮೀನಿನ ಹೊಟ್ಟೆಯ ಹುಳುವೂ ಊರ ಬಾವಿಯ ನಾರುಹುಣ್ಣೂ

ಬೇಗಂ ಬಜಾರಿನಲ್ಲಾಗಲಿ ಮುಷೀರಾಬಾದಿನಲ್ಲಾಗಲಿ ಮೀನು ಹಸನುಮಾಡುವವರ ಮುಂದೆ ಒಂದು ಗಳಿಗೆ ನಿಂತು ನೋಡಿದ ವಾಚಕರಿಗೆ ಈ ನೋಟ ಹೊಸದಾಗಿರಲಾರದು. ಕೊರಮೀನಿನದೋ ಬಾಳೆಮೀನಿನದೋ ಹೊಟ್ಟೆಯನ್ನು ಸೀಳಿ ಕರುಳನ್ನು ಈಚೆಗೆ ತೆಗೆದಾಗ, ಒಮ್ಮೊಮ್ಮೆ ಅದರೊಳಗೆ ಕೆಂಪು ನೂಲಿನ ತುಂಡುಗಳಂಥ ಹುಳುಗಳು ಮೆಲ್ಲನೆ ಹೊರಳುತ್ತಿರುವುದು ಕಾಣಬರುತ್ತದೆ. ಕೊಯ್ಯುವವನು ಅತ್ತ ಗಮನವನ್ನೇ ಕೊಡದೆ ಕರುಳನ್ನು ಬುಟ್ಟಿಗೆಸೆದು ಮುಂದಿನ ಮೀನಿಗೆ ಕೈಹಾಕುತ್ತಾನೆ. ಕೊಳ್ಳುವವರು ಮುಖವನ್ನು ಆಚೆಗೆ ತಿರುಗಿಸುತ್ತಾರೆ.

ಆ ಹುಳುವಿಗೊಂದು ಹೆಸರುಂಟೆ? ಇಲ್ಲದಿದ್ದರೆ ಇಡತಕ್ಕವರು ಯಾರು? ಇಟ್ಟುದರಿಂದ ಯಾರಿಗೆ ಏನು ಬಂದಂತಾಯಿತು? ಮೀನಿನ ಹೊಟ್ಟೆಯಲ್ಲಿ ಹೊಸದೊಂದು ಹುಳು ಕಂಡುಬಂದಿತೆಂದು ಪತ್ರಿಕೆಗಳಲ್ಲಿ ಆಗಾಗ ನಾಲ್ಕು ಸಾಲಿನ ವರ್ತಮಾನ ಬರುತ್ತದೆ. ಅದನ್ನು ಓದಿದವರಲ್ಲಿ ಹಲವರು, ಜನರಿಗೆ ಕುಡಿಯುವ ನೀರಿಲ್ಲದ ಕಾಲದಲ್ಲಿ ಇಂಥ ಪಾಂಡಿತ್ಯಕ್ಕೆ ಹಣವನ್ನು ಸುರಿಯಬೇಕೆ ಎಂದು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ತಕ್ಕ ಉತ್ತರವು ನಮ್ಮ ಕನ್ನಡನಾಡಿನ ಬಾವಿಗಳಲ್ಲಿಯೇ ಇರುವುದರಿಂದ, ಅದನ್ನು ವಾಚಕರ ಮುಂದಿಡಬೇಕೆನಿಸಿತು.

ನಮ್ಮ ವಾಚಕರಲ್ಲಿ ಬಹುಮಂದಿ ಇಡ್ಲಿ, ದೋಸೆಯ ಹೋಟೆಲುಗಳವರು. ಮೀನಿನ ಮಾತು ನಮಗೇಕೆ ಎಂದಾರು. ಇದು ಮೀನಿನ ಮಾತು ಮಾತ್ರವಲ್ಲ, ನೀರಿನ ಮಾತು. ರಾಯಚೂರು, ಕಲಬುರ್ಗಿ, ವಿಜಾಪುರ, ಚಿತ್ರದುರ್ಗದ ಕಡೆಗಳಿಂದ ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದವರ ಅಜ್ಜಂದಿರ ಕಾಲಿನ ಮೇಲಣ ಗಾಯದ ಕಲೆಯ ಮಾತು.

ನಾರುಹುಣ್ಣನ್ನು ಕಂಡವರು ಇಂದು ಕಡಮೆ. ಕಂಡವರು ಮರೆತಿರಲಾರರು. ಕಾಲಿನ ಮೇಲೆ ಮೊದಲು ಉರಿಯುವ ಬೊಬ್ಬೆಯೊಂದು ಏಳುತ್ತಿತ್ತು. ಅದು ಒಡೆದರೆ ಒಳಗಿನಿಂದ ಬಿಳಿಯ ನಾರಿನಂತೆ ಹುಳುವಿನ ತುದಿ ಇಣುಕುತ್ತಿತ್ತು. ಅದನ್ನು ಒಮ್ಮೆಗೇ ಎಳೆಯುವ ಹಾಗಿಲ್ಲ. ಹರಿದರೆ ಕಾಲು ಬಾತು ಕೀವಾಗುತ್ತಿತ್ತು. ಸಣ್ಣ ಕಡ್ಡಿಗೆ ತುದಿಯನ್ನು ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ, ವಾರಗಟ್ಟಲೆ ಸುತ್ತಿಕೊಳ್ಳುತ್ತ ಹೋಗಬೇಕಾಗಿತ್ತು. ಹುಳು ಎರಡು ಮೂರು ಅಡಿಯಷ್ಟು ಉದ್ದವಿರುತ್ತಿತ್ತು. ಬಿತ್ತನೆಯ ಕಾಲಕ್ಕೆ ಸರಿಯಾಗಿ ಮನೆಯ ದುಡಿಯುವವನು ಜಗಲಿಯ ಮೇಲೆ ಕಾಲು ಚಾಚಿ ಕುಳಿತುಬಿಟ್ಟರೆ ಆ ವರ್ಷದ ಫಸಲು ಏನಾದೀತೆಂಬುದನ್ನು ರೈತರ ಮನೆಯಲ್ಲಿ ಹುಟ್ಟಿದವರಿಗೆ ವಿವರಿಸಬೇಕಾಗಿಲ್ಲ. ಇದಕ್ಕೆ ಅಂದೂ ಔಷಧಿಯಿರಲಿಲ್ಲ, ಇಂದೂ ಇಲ್ಲ, ಲಸಿಕೆಯೂ ಇಲ್ಲ.

ಔಷಧಿಯಿಲ್ಲದ ಈ ರೋಗ ನಮ್ಮ ದೇಶದಿಂದ ಹೋದುದು ಹೇಗೆ? ಹುಳು ಎಲ್ಲಿಂದ ಒಳಹೊಗುತ್ತದೆಂಬುದು ತಿಳಿದುದರಿಂದ. ಅದು ತಿಳಿದುದಾದರೋ, ಮೀನಿನ ಹೊಟ್ಟೆಯ ಹುಳುವಿನಿಂದ.

ಸುಮಾರು 1860ರ ದಶಕದಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ರುಡಾಲ್ಫ್ ಲಾಯ್ಕಾರ್ಟರು ಪರ್ಚ್ ಎಂಬ ಸಿಹಿನೀರಿನ ಮೀನಿನ ಕರುಳಲ್ಲಿರುವ ಚಿಕ್ಕ ಕೆಂಪು ದುಂಡುಹುಳುವಿನ ಹಿಂದೆ ಬಿದ್ದರು. ಅದರ ಹೆಣ್ಣು ಮೊಟ್ಟೆಯಿಡದೆ ಜೀವಂತ ಮರಿಗಳನ್ನೇ ನೀರಿಗೆ ಬಿಡುತ್ತದೆ. ಆ ಮರಿಗಳು ನೇರವಾಗಿ ಮತ್ತೊಂದು ಮೀನನ್ನು ಸೇರುವುದಿಲ್ಲ. ಕೆರೆಬಾವಿಗಳ ನೀರಿನಲ್ಲಿ ಎಳ್ಳಿಗಿಂತಲೂ ಸಣ್ಣದಾಗಿ ಕುಪ್ಪಳಿಸುವ, ಸೈಕ್ಲಾಪ್ಸ್ ಎಂಬ ಒಂಟಿಗಣ್ಣಿನ ಜಲಕೀಟವೊಂದುಂಟು. ಅದು ಮರಿಯನ್ನು ನುಂಗುತ್ತದೆ. ಅದರ ದೇಹದೊಳಗೆ ಮರಿ ಎರಡು ಸಲ ಪೊರೆ ಕಳಚಿ ಬಲಿಯುತ್ತದೆ. ಆ ಕೀಟವನ್ನು ಮೀನು ನುಂಗಿದಾಗ ಹುಳು ತನ್ನ ಮನೆಗೆ ಮುಟ್ಟುತ್ತದೆ. ರಷ್ಯದ ತರುಣ ವಿಜ್ಞಾನಿ ಅಲೆಕ್ಸಿ ಫೆಡ್ಚೆಂಕೊ ಮಧ್ಯ ಏಷ್ಯದ ತುರ್ಕಿಸ್ಥಾನಕ್ಕೆ ಹೊರಟಾಗ, ಮೀನಿನ ಹುಳುವಿನ ಹಾದಿಯೇ ನಾರುಹುಣ್ಣಿನ ಹುಳುವಿನ ಹಾದಿಯೂ ಆಗಿರಬಹುದು, ನೋಡು ಎಂಬ ಸೂಚನೆ ಲಾಯ್ಕಾರ್ಟರಿಂದ ದೊರೆಯಿತು. ಫೆಡ್ಚೆಂಕೊ ನೋಡಿದರು. ನಾರುಹುಣ್ಣಿನ ಮರಿಹುಳುಗಳು ಸೈಕ್ಲಾಪ್ಸಿನ ದೇಹವನ್ನು ಸೇರುವುದನ್ನು 1870ರಲ್ಲಿ ಲೋಕಕ್ಕೆ ತಿಳಿಸಿದರು. ಮೂರೇ ವರ್ಷಗಳ ತರುವಾಯ, ತಮ್ಮ 29ನೆಯ ವಯಸ್ಸಿನಲ್ಲಿ, ಆಲ್ಪ್ಸ್ ಪರ್ವತದ ಹಿಮದಲ್ಲಿ ಅವರು ತೀರಿಕೊಂಡರು. ನಮ್ಮ ಹಳ್ಳಿಗಳ ಎಷ್ಟೋ ಕಾಲುಗಳು ಈ ಇಬ್ಬರಿಗೆ ಋಣಿಯಾಗಿವೆ.

ಆಗ ಎಲ್ಲವೂ ಬೆಳಕಿಗೆ ಬಂದಿತು. ಹುಣ್ಣಿನ ಉರಿಯನ್ನು ತಾಳಲಾರದೆ ಮನುಷ್ಯನು ಮೆಟ್ಟಿಲು ಬಾವಿಗೆ ಇಳಿದು ಕಾಲನ್ನು ನೀರಿನಲ್ಲಿ ಇಡುತ್ತಾನೆ. ಹುಳು ಆ ನೀರಿಗೆ ಲಕ್ಷಗಟ್ಟಲೆ ಮರಿಗಳನ್ನು ಕಾರುತ್ತದೆ. ಸೈಕ್ಲಾಪ್ಸ್ ನುಂಗುತ್ತದೆ. ಅದೇ ಮೆಟ್ಟಿಲ ಮೇಲೆ ನಿಂತು ಇನ್ನೊಬ್ಬರು ಕೊಡ ತುಂಬುತ್ತಾರೆ. ಕುಡಿದವರ ಕಾಲಿನಲ್ಲಿ ಸುಮಾರು ಒಂದು ವರ್ಷದ ಮೇಲೆ ಬೊಬ್ಬೆ ಏಳುತ್ತದೆ. ವರ್ಷದ ಹಿಂದೆ ಕುಡಿದ ನೀರನ್ನು ಯಾರು ತಾನೆ ನೆನೆದಾರು? ಆದುದರಿಂದಲೇ ಸಾವಿರಾರು ವರ್ಷ ಈ ಗುಟ್ಟು ಗುಟ್ಟಾಗಿಯೇ ಉಳಿದಿದ್ದಿತು.

ಇನ್ನು ನಮ್ಮ ನಾಡಿನ ಕಥೆಗೆ ಬರೋಣ. ಪರೋಪಜೀವಿಶಾಸ್ತ್ರವೆಂದರೆ ಹೈದರಾಬಾದಿಗರಿಗೆ ರೊನಾಲ್ಡ್ ರಾಸ್ ಸಾಹೇಬರ ನೆನಪಾಗುತ್ತದೆ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಬೀಜವನ್ನು ಅವರು ಕಂಡುದು ಶಾಲೆಯ ಮಕ್ಕಳಿಗೂ ಗೊತ್ತು. ಬೇಗಂಪೇಟೆಯ ಕಟ್ಟಡಕ್ಕೆ ಅವರ ಹೆಸರೂ ಉಂಟು. ಆದರೆ ಚಿತ್ರದುರ್ಗದ ಬಾವಿಗಳಲ್ಲಿ ದುಡಿದ ವಿ. ಎನ್. ಮೂರ್ತಿಯವರ ಹೆಸರನ್ನು ಕನ್ನಡಿಗರೇ ಕೇಳಿಲ್ಲ. ಇದು ನಮಗೆ ಸರಿಯೆನಿಸುವುದಿಲ್ಲ.

ಮೂರ್ತಿಯವರು 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯ ಪರವಾಗಿ ಚಿತ್ರದುರ್ಗ ಜಿಲ್ಲೆಯ ನಾರುಹುಣ್ಣನ್ನು ಶೋಧಿಸಿದರು. ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಕಡೆಯಿಂದ ಸಂಸ್ಥಾನಕ್ಕೆ ಬಂದಿದ್ದ ಡಬ್ಲ್ಯು. ಸಿ. ಸ್ವೀಟ್ ಎಂಬವರು ಅವರೊಡನೆ ಕೆಲಸಮಾಡಿದರು. ಬಾವಿಯ ನೀರನ್ನು ಶೋಧಿಸಿ ಸೈಕ್ಲಾಪ್ಸುಗಳನ್ನು ಹಿಡಿದು, ಒಂದೊಂದನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಳಗೆ ಮರಿಹುಳುವಿದೆಯೇ ಎಂದು ನೋಡುವುದು ಅವರ ಕೆಲಸಗಳಲ್ಲೊಂದು. ಇಲ್ಲೊಂದು ತೊಡಕುಂಟು. ಅದೇ ಬಾವಿಯಲ್ಲಿ ಮೀನುಗಳೂ ಇರುತ್ತವೆ. ಮೀನಿನ ಕೆಂಪುಹುಳುವೂ ನಾರುಹುಣ್ಣಿನ ಹುಳುವೂ ಒಂದೇ ವಂಶದ ದಾಯಾದಿಗಳು. ಎರಡೂ ಜೀವಂತ ಮರಿಗಳನ್ನು ಬಿಡತಕ್ಕವು, ಎರಡರ ಮರಿಗಳೂ ಸೈಕ್ಲಾಪ್ಸಿನ ಹೊಟ್ಟೆಯಲ್ಲೇ ಬೆಳೆಯತಕ್ಕವು. ಸೈಕ್ಲಾಪ್ಸಿನೊಳಗೆ ಮರಿಯೊಂದು ಕಂಡೊಡನೆ ಈ ಬಾವಿ ಕೆಟ್ಟಿತೆಂದು ಬರೆದುಬಿಟ್ಟರೆ, ಕೆಡದ ಬಾವಿಯನ್ನು ಮುಚ್ಚಿಸಿ ಊರಿನವರನ್ನು ಬಾಯಾರಿಸಿದಂತಾದೀತು. ಮೀನಿನದೇ ಇರಬೇಕೆಂದು ಬಿಟ್ಟರೆ ಊರಿಗೆ ಊರೇ ಹಾಸಿಗೆ ಹಿಡಿದೀತು. ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ಹೇಳಬೇಕಾದರೆ ಎರಡರ ಗುರುತೂ ಕೂದಲೆಳೆಯಷ್ಟು ಖಚಿತವಾಗಿ ಗೊತ್ತಿರಬೇಕು.

ಕೊರಮೀನಿನ ಬಳಗದಲ್ಲಿ ಗಾಚುವಾ ಎಂದು ಪಂಡಿತರು ಕರೆಯುವ ಚಿಕ್ಕ ಮೀನೊಂದುಂಟು. ಅದರ ಕರುಳಿನ ಕೆಂಪುಹುಳುವನ್ನು ಮೂರ್ತಿಯವರು ಪರೀಕ್ಷಿಸಿ, ಇದುವರೆಗೆ ಯಾರೂ ವರ್ಣಿಸದ ಪ್ರಭೇದವೆಂದು ನಿರ್ಣಯಿಸಿ, 1937ರಲ್ಲಿ ಅಮೆರಿಕದ ‘ಜರ್ನಲ್ ಆಫ್ ಪ್ಯಾರಸೈಟಾಲಜಿ’ ಎಂಬ ಪತ್ರಿಕೆಯಲ್ಲಿ ಅದರ ವರ್ಣನೆಯನ್ನು ಪ್ರಕಟಿಸಿದರು. ಜೊತೆಗಾರರ ಗೌರವಾರ್ಥ ಅದಕ್ಕೆ ‘ಕ್ಯಾಮಲಾನಸ್ ಸ್ವೀಟಿ’ ಎಂದು ಹೆಸರಿಟ್ಟರು. ಮರುವರ್ಷ ಅದೇ ಪತ್ರಿಕೆಯಲ್ಲಿ ಅದರ ಜೀವನಚರಿತ್ರೆಯನ್ನೂ ಬರೆದರು. ಆ 1937ರಲ್ಲಿಯೇ ನಾರುಹುಣ್ಣಿನ ಹುಳುವನ್ನೂ ಹೊಸದಾಗಿ ವರ್ಣಿಸಿ ಪ್ರಕಟಿಸಿದರು. ಆ ಹುಳುವಿನ ಗಂಡು ಕಣ್ಣಿಗೆ ಬೀಳುವುದೇ ಅಪರೂಪ. ನಾಯಿಗಳಿಗೆ ಸೋಂಕು ತಗಲಿಸಿ, ಅವುಗಳ ದೇಹದಿಂದ ಗಂಡುಹುಳುಗಳನ್ನು ಪಡೆದುದು ಇವರ ಹೆಚ್ಚುಗಾರಿಕೆ. ಹೀಗೆ ಮೀನಿನ ಹುಳುವೂ ಮನುಷ್ಯನ ಹುಳುವೂ ಒಂದೇ ಕೈಯಿಂದ, ಒಂದೇ ವರ್ಷ, ಅಕ್ಕಪಕ್ಕದಲ್ಲಿ ವರ್ಣಿತವಾದುದನ್ನು ನಾವು ಆಕಸ್ಮಿಕವೆಂದು ಭಾವಿಸಲಾರೆವು. ಅದಕ್ಕೆ ಒಂದು ವರ್ಷ ಮೊದಲೇ, ಸೈಕ್ಲಾಪ್ಸನ್ನು ತಿಂದುಹಾಕುವ ಸಣ್ಣ ಮೀನುಗಳನ್ನು ಬಾವಿಗಳಲ್ಲಿ ಬಿಟ್ಟು ನಾರುಹುಣ್ಣನ್ನು ತಡೆಯುವ ಉಪಾಯವನ್ನು ಮೂರ್ತಿಯವರೂ ಸ್ವೀಟರೂ ಸೇರಿ ಬರೆದಿದ್ದರು.

ಹೊಸ ಪ್ರಭೇದವನ್ನು ವರ್ಣಿಸುವುದೆಂದರೆ ಏನೆಂಬುದನ್ನು ಈಗ ಸ್ವಲ್ಪ ಬಿಡಿಸಿ ಹೇಳಬೇಕು. ಹುಳುವೊಂದನ್ನು ಕಂಡು ಹೆಸರು ಕಟ್ಟಿಬಿಟ್ಟರಾಯಿತು ಎಂದುಕೊಂಡವರಿದ್ದಾರೆ, ಹಾಗಲ್ಲ. ಮೀನು ಸತ್ತು ಹೊತ್ತಾದರೆ ಹುಳುವೂ ಸತ್ತು ಕೊಳೆಯುತ್ತದೆ, ಆದುದರಿಂದ ಮೀನು ತಾಜಾ ಇರಬೇಕು. ಕರುಳನ್ನು ತಿಳಿಯಾದ ಉಪ್ಪುನೀರಿನಲ್ಲಿ ಬಿಡಿಸಿ, ಹುಳುವನ್ನು ಕುಂಚದಿಂದ ಮೆಲ್ಲನೆ ಎತ್ತಿ ತೊಳೆಯಬೇಕು. ಅನಂತರ ಬಿಸಿಮಾಡಿದ ಆಲ್ಕೊಹಾಲಿನಲ್ಲೋ ಫಾರ್ಮಲಿನ್ನಿನಲ್ಲೋ ಹಾಕಬೇಕು. ತಣ್ಣಗಿರುವುದರಲ್ಲಿ ಹಾಕಿದರೆ ಹುಳು ಸುರುಳಿ ಸುತ್ತಿಕೊಂಡು ಅಳತೆಗೆ ಸಿಕ್ಕುವುದಿಲ್ಲ. ಆಮೇಲೆ ಗ್ಲಿಸರಿನ್ನಿನಲ್ಲಿ ಇಟ್ಟರೆ ಚರ್ಮ ಗಾಜಿನಂತೆ ತಿಳಿಯಾಗಿ ಒಳಗಿನ ಅಂಗಗಳೆಲ್ಲ ಕಾಣತೊಡಗುತ್ತವೆ. ಸೂಕ್ಷ್ಮದರ್ಶಕಕ್ಕೆ ಕ್ಯಾಮರಾ ಲೂಸಿಡಾ ಎಂಬ ಉಪಕರಣವನ್ನು ಜೋಡಿಸಿದರೆ ಹುಳುವಿನ ಬಿಂಬ ಕಾಗದದ ಮೇಲೆಯೇ ಬಿದ್ದಂತೆ ತೋರುತ್ತದೆ. ಪೆನ್ಸಿಲಿನಿಂದ ಅದರ ಮೇಲೆಯೇ ಗೆರೆ ಎಳೆಯಬೇಕು.

ನೋಡಬೇಕಾದುದು ಮುಖ್ಯವಾಗಿ ಎರಡು ತುದಿಗಳನ್ನು. ಕ್ಯಾಮಲಾನಸ್ ಹುಳುವಿನ ಬಾಯಿ ಕಪ್ಪೆಚಿಪ್ಪಿನ ಎರಡು ಹೋಳುಗಳನ್ನು ಎದುರುಬದುರಾಗಿ ಜೋಡಿಸಿದಂತಿರುತ್ತದೆ. ಆ ಚಿಪ್ಪುಗಳ ಒಳಮೈಯಲ್ಲಿ ಏಣುಗಳಿರುತ್ತವೆ. ಏಣುಗಳೆಷ್ಟು, ಉದ್ದವೆಷ್ಟು ಎಂದು ಎಣಿಸಬೇಕು. ಅದರ ದಾಯಾದಿಯಾದ ಪ್ರೊಕ್ಯಾಮಲಾನಸ್ ಎಂಬ ಕುಲಕ್ಕೆ ಚಿಪ್ಪಿಲ್ಲ, ಪೀಪಾಯಿಯಂಥ ಒಂದೇ ಬಾಯಿ. ಈ ಬಾಯಿಯಿಂದ ಕರುಳಿನ ಗೋಡೆಯನ್ನು ಕಚ್ಚಿ ರಕ್ತವನ್ನು ಹೀರುವುದರಿಂದಲೇ ಹುಳುವಿಗೆ ಆ ಕೆಂಪು ಬಣ್ಣ. ಗಂಡಿನ ಬಾಲದಲ್ಲಿ, ಕೂಡುವಾಗ ಬಳಕೆಗೆ ಬರುವ ಎರಡು ಸಣ್ಣ ಮುಳ್ಳುಗಳಿರುತ್ತವೆ. ಎರಡೂ ಸಮವೋ, ಒಂದು ಗಿಡ್ಡವೋ ನೋಡಬೇಕು. ಅವುಗಳ ಸುತ್ತ ಇರುವ ಮೊಟಕು ಗುಬುಟುಗಳನ್ನು ಜೋಡಿಜೋಡಿಯಾಗಿ ಎಣಿಸಬೇಕು. ಅಳತೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನವರೆಗೂ ಹೋಗುತ್ತದೆ. ಒಂದೇ ಹುಳುವನ್ನು ನೋಡಿದರೆ ಸಾಲದು, ಗಂಡು ಹೆಣ್ಣು ಹಲವನ್ನು ಅಳೆಯಬೇಕು. ಏಕೆಂದರೆ ಮನುಷ್ಯರಲ್ಲಿರುವಂತೆ ಹುಳುಗಳಲ್ಲಿಯೂ ಕುಳ್ಳರು ನೀಳರು ಇದ್ದೇ ಇರುತ್ತಾರೆ.

ಇಷ್ಟಾದ ಮೇಲೆ ಹಳೆಯ ಕಡತಗಳ ಶೋಧನೆ. ಪ್ರಪಂಚದಲ್ಲಿ ಇದುವರೆಗೆ ವರ್ಣಿತವಾದ ಆ ಕುಲದ ಪ್ರಭೇದಗಳೆಲ್ಲವನ್ನೂ ಪಕ್ಕದಲ್ಲಿಟ್ಟು, ಇದು ಯಾವುದಕ್ಕೂ ಹೊಂದುವುದಿಲ್ಲವೆಂದು ತೋರಿಸಬೇಕು. ಗುಮಾಸ್ತರಾಗಿರುವ ವಾಚಕರಿಗೆ ಮುಂದಿನದು ಸುಲಭವಾಗಿ ಅರ್ಥವಾದೀತು. ವರ್ಣನೆಗೆ ಆಧಾರವಾದ ಒಂದು ಹುಳುವನ್ನು ಅಸಲು ಪ್ರತಿಯೆಂದು ಗೊತ್ತುಮಾಡಿ ಕಲ್ಕತ್ತೆಯ ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆಯಂಥ ಸಂಸ್ಥೆಯಲ್ಲಿ ಇರಿಸುತ್ತಾರೆ. ಮುಂದೆ ತಕರಾರು ಬಂದರೆ ತೀರ್ಮಾನ ಆ ಅಸಲನ್ನು ನೋಡಿಯೇ. ಎರಡು ಹೆಸರು ಒಂದೇ ಪ್ರಾಣಿಯವೆಂದು ಹೊರಬಿದ್ದರೆ, ಮೊದಲು ನೋಂದಣಿಯಾದ ಕ್ರಯಪತ್ರದಂತೆ, ಮೊದಲು ಪ್ರಕಟವಾದ ಹೆಸರೇ ಊರ್ಜಿತ. ಈ ಲೆಕ್ಕ 1758ರಲ್ಲಿ ಸ್ವೀಡನ್ನಿನ ಲಿನೇಯಸರ ಗ್ರಂಥದಿಂದ ಮೊದಲಾಗುತ್ತದೆ. ಹೋಟೆಲಿನವರಿಗೆ ಇನ್ನೊಂದು ರೀತಿಯಲ್ಲಿ ಹೇಳಬಹುದು: ನಾವು ಮಸಾಲೆ ದೋಸೆ, ಸೆಟ್ ದೋಸೆ ಎನ್ನುವಲ್ಲಿ ಈ ಪಂಡಿತರು ದೋಸೆ ಮಸಾಲೆ, ದೋಸೆ ಸೆಟ್ ಎನ್ನುತ್ತಾರೆ. ಕುಲದ ಹೆಸರು ಮೊದಲು, ಪ್ರಭೇದದ್ದು ಅನಂತರ.

ಮೂರ್ತಿಯವರ ಹುಳುವಿಗೆ ವರ್ಗಾವಣೆಯ ಯೋಗವೂ ಇದ್ದಿತು. ಸಿಂಹಳದ ಮೀನುಗಳ ಹುಳುಗಳನ್ನು ಪರೀಕ್ಷಿಸಿದ ಯೇ ಎಂಬ ವಿದ್ವಾಂಸರು 1960ರಲ್ಲಿ ‘ಜೈಲನೀಮ’ ಎಂಬ ಹೊಸ ಕುಲವನ್ನು ಕಲ್ಪಿಸಿ ಇದನ್ನು ಅದರೊಳಕ್ಕೆ ಸೇರಿಸಿದರು. ಅದು ಪ್ರತ್ಯೇಕ ಕುಲವಲ್ಲ, ಕ್ಯಾಮಲಾನಸಿನ ಒಳಪಂಗಡವೆನ್ನುವವರೂ ಉಂಟು. ಕಚೇರಿ ಬದಲಾದರೂ ‘ಸ್ವೀಟಿ’ ಎಂಬ ಹೆಸರು ಅಳಿಯಲಿಲ್ಲ. ಮೂರ್ತಿ, 1937 ಎಂಬುದೂ ಅದರ ಬೆನ್ನಿಗೆ ಅಂಟಿಕೊಂಡೇ ಬರುತ್ತಿದೆ.

ಇನ್ನು ನಾವಿರುವ ಹೈದರಾಬಾದಿನ ಸಂಗತಿ. ಎಸ್. ಮೆಹದಿ ಅಲಿಯವರು ‘ಇಂಡಿಯನ್ ಜರ್ನಲ್ ಆಫ್ ಹೆಲ್ಮಿಂಥಾಲಜಿ’ಯ 8ನೆಯ ಸಂಪುಟದಲ್ಲಿ, ಹೈದರಾಬಾದ್ ಸಂಸ್ಥಾನದ ಮೀನುಗಳಲ್ಲಿಯೂ ಪಕ್ಷಿಗಳಲ್ಲಿಯೂ ಇರುವ ದುಂಡುಹುಳುಗಳ ಮೇಲೆ ಎಂಬತ್ತಕ್ಕೂ ಮಿಕ್ಕಿದ ಪುಟಗಳ ದೀರ್ಘ ಲೇಖನವನ್ನು ಪ್ರಕಟಿಸಿದರು. ಸಂಪುಟದ ವರ್ಷ 1956. ಅದೇ ವರ್ಷದ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನವೇ ಇಲ್ಲವಾಗಿ, ಬೀದರ, ಕಲಬುರ್ಗಿ, ರಾಯಚೂರುಗಳು ಮೈಸೂರಿಗೆ ಸೇರಿದುದನ್ನು ನಮ್ಮವರು ಬಲ್ಲರು. ರಾಜ್ಯ ಮೂರು ಪಾಲಾದರೂ ಲೇಖನದ ತಲೆಬರಹದಲ್ಲಿ ಅದು ಇಡಿಯಾಗಿಯೇ ಉಳಿದುಕೊಂಡಿದೆ. ಕೆಲವರು ಅಲಿಯವರ ಹೆಸರುಗಳ ಮುಂದೆ 1956 ಎಂದೂ ಕೆಲವರು 1957 ಎಂದೂ ಬರೆಯುತ್ತಾರೆ. ಒಂದು ವರ್ಷದ ವ್ಯತ್ಯಾಸವೆಂದು ನಗಬಾರದು. ಯಾರ ಹೆಸರು ಮೊದಲಿನದೆಂಬ ಜಗಳದಲ್ಲಿ ಒಂದು ದಿನವೂ ದೊಡ್ಡದು.

ಇಂಥದೊಂದು ತೊಡಕಿನ ನಿದರ್ಶನ ಇಲ್ಲಿಯೇ ಉಂಟು. ಮೀಸೆಯುಳ್ಳ, ಮುಳ್ಳಿನಿಂದ ಚುಚ್ಚುವ ಸಿಂಘಿ ಮೀನನ್ನು ಪಂಡಿತರು ಹಿಂದೆ ಸಾಕೋಬ್ರಾಂಕಸ್ ಎನ್ನುತ್ತಿದ್ದರು. ಆಮೇಲೆ ಹೆಟರಾಪ್ನ್ಯೂಸ್ಟಿಸ್ ಎಂದರು. ಅದರ ಹೊಟ್ಟೆಯ ಹುಳುವಿಗೆ 1952ರಲ್ಲಿ ಕಾರ್ವೆ ಎಂಬ ವಿದ್ವಾಂಸರು ಮೀನಿನ ಹಳೆಯ ಹೆಸರಿನಿಂದ ‘ಪ್ರೊಕ್ಯಾಮಲಾನಸ್ ಸಾಕೋಬ್ರಾಂಕಿ’ ಎಂದು ನಾಮಕರಣ ಮಾಡಿದ್ದರು. ಅಲಿಯವರು ಅದೇ ಮೀನಿನಿಂದ ತೆಗೆದುದಕ್ಕೆ ಹೊಸ ಹೆಸರಿನಿಂದ ‘ಹೆಟರಾಪ್ನ್ಯೂಸ್ಟಸ್’ ಎಂದು ಇಟ್ಟರು. ಎರಡೂ ಒಂದೇ ಹುಳುವೆಂದು ತರುವಾಯದವರಲ್ಲಿ ಹೇಳಿದವರಿದ್ದಾರೆ. ಒಂದೇ ಗಿರಾಕಿಗೆ ಎರಡು ಖಾತೆ ತೆರೆದಂತೆ. ಆ ದಶಕಗಳಲ್ಲಿ ನಮ್ಮ ದೇಶದಲ್ಲಿ ಹೀಗೆ ಇಟ್ಟ ಎಷ್ಟೋ ಹೆಸರುಗಳು ಅನಂತರ ಒಂದರೊಳಗೊಂದು ಲೀನವಾದವು. ದೂರದ ಪತ್ರಿಕೆಗಳು ಕೈಗೆ ಸಿಗುತ್ತಿರಲಿಲ್ಲ, ಅಸಲು ಹುಳುಗಳನ್ನು ನೋಡಲು ಪ್ರಯಾಣದ ಖರ್ಚಿರಲಿಲ್ಲ. ಆದರೂ ದುಡಿದವರನ್ನು ಹಳಿಯುವುದು ನಮಗೆ ಸೇರದು. ಇಂದು ಹುಳುವಿನ ಚೂರನ್ನು ಶುದ್ಧ ಆಲ್ಕೊಹಾಲಿನಲ್ಲಿ ಕಾದಿರಿಸಿ ಅದರ ಡಿ.ಎನ್.ಎ.ಯನ್ನು ಓದುವ ವಿಧಾನ ಬಂದಿದೆ; ಬಾಯಿಯ ಏಣುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರ್ವತದಂತೆ ಹಿಗ್ಗಿಸಿ ನೋಡಬಹುದು. ಆದರೂ ಮೊದಲು ಯಾರಾದರೊಬ್ಬರು ಕೈಗೆ ಮೀನಿನ ವಾಸನೆ ಹತ್ತಿಸಿಕೊಂಡು ಕರುಳನ್ನು ಬಿಡಿಸಲೇಬೇಕು.

ಈ ಕೆಂಪುಹುಳುಗಳಿಂದ ಮೀನು ತಿನ್ನುವವರಿಗೆ ಅಪಾಯವೇನಾದರೂ ಉಂಟೇ ಎಂದು ಅಡುಗೆಮನೆಯವರು ಕೇಳಬಹುದು. ಕ್ಯಾಮಲಾನಸ್ ಬಳಗ ಮೀನಿನ ಕರುಳನ್ನು ಬಿಟ್ಟು ಮನುಷ್ಯನಲ್ಲಿ ನೆಲೆಸುವುದಲ್ಲ. ಕರುಳಿನೊಂದಿಗೆ ಅದೂ ಹೋಯಿತು. ಆದರೆ ಬೇರೆ ಕೆಲವು ದುಂಡುಹುಳುಗಳ ಮರಿಗಳು ಮೀನಿನ ಮಾಂಸದಲ್ಲಿಯೇ ಸುರುಳಿ ಸುತ್ತಿ ಮಲಗಿರುತ್ತವೆ. ಅವುಗಳಲ್ಲಿ ನ್ಯಾಥೊಸ್ಟೋಮ ಎಂಬುದು ಕೆಟ್ಟುದು. 1836ರಲ್ಲಿ ರಿಚರ್ಡ್ ಓವನ್ನರು ಲಂಡನ್ನಿನ ಮೃಗಾಲಯದಲ್ಲಿ ಸತ್ತ ಹುಲಿಯೊಂದರ ಜಠರದಿಂದ ಇದನ್ನು ತೆಗೆದು ವರ್ಣಿಸಿದಾಗ ಹುಲಿಯ ಹುಳು ಮನುಷ್ಯನಿಗೇನು ಎನ್ನುವಂತಿತ್ತು. 1889ರಲ್ಲಿ ಸಯಾಮಿನ ರೋಗಿಯೊಬ್ಬರ ದೇಹದಲ್ಲಿ ಅದೇ ಹುಳು ದೊರೆಯಿತು. ಸೈಕ್ಲಾಪ್ಸಿನಿಂದ ಮೀನಿಗೆ, ಮೀನಿನಿಂದ ಬೆಕ್ಕು ನಾಯಿಗಳಿಗೆ ಅದು ಹೋಗುವ ದಾರಿಯನ್ನು 1930ರ ದಶಕದಲ್ಲಿ ಸಯಾಮಿನ ವಿಜ್ಞಾನಿಗಳೇ ಬಿಡಿಸಿದರು. ಹಸಿಯ ಕೊರಮೀನನ್ನು ತಿಂದವರ ಚರ್ಮದ ಕೆಳಗೆ ಅದು ಅಲೆಯುತ್ತದೆ. ಕೆಲವೊಮ್ಮೆ ಕಣ್ಣಿಗೂ ಮೆದುಳಿಗೂ ಏರುತ್ತದೆ. ಪ್ರತಿವರ್ಷ ಮೃಗಶಿರಾ ಕಾಲದಲ್ಲಿ ನಾಂಪಲ್ಲಿಯ ಪ್ರದರ್ಶನ ಮೈದಾನದಲ್ಲಿ ಸಹಸ್ರಾರು ಜನ ಉಬ್ಬಸ ನೀಗಲೆಂದು ಮದ್ದಿನೊಡನೆ ಜೀವಂತ ಕೊರಮೀನಿನ ಮರಿಯನ್ನು ನುಂಗುವ ಈ ಊರಿನಲ್ಲಿ, ಕೊರಮೀನಿನೊಳಗೆ ಯಾವ ಯಾವ ಹುಳುವಿದೆ ಎಂಬುದು ಪಂಡಿತರಿಗೆ ಮಾತ್ರ ಬೇಕಾದ ವಿಷಯವಾಗಿ ನಮಗೆ ತೋರುವುದಿಲ್ಲ.

ಮೀನನ್ನು ನಡುವಿನವರೆಗೂ ಬೇಯುವಂತೆ ಬೇಯಿಸಿದರೆ ಈ ಮರಿಗಳು ಸಾಯುತ್ತವೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೀತದಲ್ಲಿ 7 ದಿನ ಇಟ್ಟರೂ ಸಾಯುತ್ತವೆ. ಮೀನು ಕೊಯ್ದ ಹಲಗೆಯ ಮೇಲೆಯೇ ಸೌತೆಕಾಯಿ ಹೆಚ್ಚುವ ಅಭ್ಯಾಸ ಕೆಲವು ಅಡುಗೆಮನೆಗಳಲ್ಲಿದೆ. ಅದನ್ನು ಬಿಡಿಸಬೇಕಾದವರು ಗಲ್ಲೆಯ ಮೇಲೆ ಕುಳಿತವರು.

ನಾರುಹುಣ್ಣಿನ ಲೆಕ್ಕವನ್ನು ಹೇಳುವುದು ಉಳಿದಿದೆ. ಭಾರತ ಸರ್ಕಾರ 1980ರ ದಶಕದ ಆರಂಭದಲ್ಲಿ ಅದರ ನಿರ್ಮೂಲನಕ್ಕೆ ಕೈಹಾಕಿದಾಗ ಕರ್ನಾಟಕ, ಆಂಧ್ರ ಪ್ರದೇಶಗಳೂ ಸೇರಿ 7 ರಾಜ್ಯಗಳಲ್ಲಿ ಅದು ಮನೆಮಾಡಿತ್ತು. ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿ ಸೇದುವ ಬಾವಿಗಳನ್ನಾಗಿ ಮಾಡಿದರು. ಕೊಳವೆ ಬಾವಿ ಕೊರೆದರು. ನೀರಿಗೆ ಸೈಕ್ಲಾಪ್ಸನ್ನು ಕೊಲ್ಲುವ ಮದ್ದನ್ನು ಹಾಕಿದರು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಮನೆಮನೆಗೆ ಹೇಳಿದರು. ಇವೆಲ್ಲವೂ ಸೈಕ್ಲಾಪ್ಸ್ ಒಂದನ್ನೇ ಗುರಿಯಾಗಿಟ್ಟ ಉಪಾಯಗಳು. 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಕಂಡುಬಂದರು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣಿಲ್ಲದ ದೇಶವೆಂದು ಸಾರಿತು.

1986ರಲ್ಲಿ ಲೋಕದಲ್ಲೆಲ್ಲ ಸುಮಾರು 35 ಲಕ್ಷವೆಂದು ಅಂದಾಜಾಗಿದ್ದ ರೋಗಿಗಳ ಸಂಖ್ಯೆ 2024ರಲ್ಲಿ 15ಕ್ಕೆ ಇಳಿದಿತ್ತು. ಆದರೆ ಆಫ್ರಿಕದ ಚಾಡ್ ದೇಶದಲ್ಲಿ 2012ರಿಂದ ಈಚೆಗೆ ನಾಯಿಗಳ ಕಾಲಿನಿಂದ ನಾರುಹುಳು ಹೊರಬರತೊಡಗಿತು. ಬಾವಿಯನ್ನು ಕಂಡರಿಯದ ನದೀತೀರದ ನಾಯಿಗಳಿಗೆ ಇದು ಎಲ್ಲಿಂದ ಬಂದೀತೆಂದು ಹುಡುಕಿದವರ ಸಂಶಯ ಮೀನಿನ ಮೇಲೆ ಹೋಯಿತು: ಸೈಕ್ಲಾಪ್ಸನ್ನು ನುಂಗಿದ ಮೀನು, ಆ ಮೀನಿನ ಕರುಳನ್ನು ದಡದಲ್ಲಿ ತಿಂದ ನಾಯಿ. ಆದುದರಿಂದ ಅಲ್ಲಿ ಬೆಸ್ತರ ಹಳ್ಳಿಗಳಲ್ಲಿ ನಾಯಿಗಳನ್ನು ಕಟ್ಟಿಹಾಕಿದವರಿಗೆ ಬಹುಮಾನವನ್ನು ಗೊತ್ತುಮಾಡಿದ್ದಾರೆ. ಮೀನಿನ ಕರುಳನ್ನು ಬಯಲಿಗೆಸೆಯದೆ ಗುಂಡಿ ತೋಡಿ ಹೂಳಬೇಕೆಂದು ಊರೂರಿಗೂ ಹೋಗಿ ಹೇಳುತ್ತಿದ್ದಾರೆ.